ಬೀರುವಿನಿಂದ ಕಟ್ಲೆಟ್‌ವರೆಗೆ: ಫ್ರೆಂಚ್ ಎರವಲು ಪದಗಳ ಅರ್ಥದ ಜಾಡು ಹಿಡಿಯುವ ಬಗೆ

ಮೈಸೂರಿನ ಒಂಟಿಕೊಪ್ಪಲಿನಲ್ಲಿರುವ ನಮ್ಮ ಮನೆಯ ಕೋಣೆಯಲ್ಲಿ ಹಸಿರು ಬಣ್ಣದ ಕಬ್ಬಿಣದ ಬೀರು ಒಂದಿದೆ. ಹಿಡಿಯನ್ನು ಸ್ವಲ್ಪ ಮೇಲೆತ್ತಿ ತಿರುಗಿಸಿದರೆ ಮಾತ್ರ ಅದರ ಬಾಗಿಲು ತೆರೆದುಕೊಳ್ಳುತ್ತದೆ. ತೆರೆದೊಡನೆ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯುತ್ತದೆ. ಮೇಲಿನ ಅರೆಯಲ್ಲಿ ರೇಷ್ಮೆ ಸೀರೆಗಳು, ಒಳಗಿನ ಪುಟ್ಟ ಖಾನೆಯಲ್ಲಿ ಮನೆಯ ಪತ್ರಗಳು. ಪದವಿಪೂರ್ವ ತರಗತಿಯಲ್ಲಿ ಫ್ರೆಂಚ್ ಆರಿಸಿಕೊಂಡಿರುವ ನನ್ನ ಅಕ್ಕನ ಮಗಳು ಒಂದು ಸಂಜೆ ತನ್ನ ಪಾಠದಲ್ಲಿ ‘ಬ್ಯುರೋ’ ಎಂಬ ಪದವನ್ನು ಕಂಡು, ಅದು ನಮ್ಮ ಬೀರುವೇ ಇರಬಹುದೇ ಎಂದು ಕೇಳಿದಳು. ಅದೇ ಪದ. ಆದರೆ ಅವಳ ಪುಸ್ತಕದಲ್ಲಿ ಅದಕ್ಕೆ ಬರೆಯುವ ಮೇಜು, ಕಚೇರಿ ಎಂಬ ಅರ್ಥಗಳಿದ್ದವು. ಅಂದಿನ ದಿನಪತ್ರಿಕೆಯಲ್ಲಿ ವರದಿಯೊಂದರ ತಲೆಯ ಮೇಲೆ ‘ಮೈಸೂರು ಬ್ಯೂರೋ’ ಎಂದು ಅಚ್ಚಾಗಿತ್ತು. ನಮ್ಮ ಮನೆಯಲ್ಲಿ ಮಾತ್ರ ಅದು ಸೀರೆ ಇಡುವ ಕಬ್ಬಿಣದ ಕಪಾಟು.

ಒಂದೇ ಫ್ರೆಂಚ್ ಪದ ಬೇರೆ ಬೇರೆ ನುಡಿಗಳಲ್ಲಿ ಬೇರೆ ಬೇರೆ ವಸ್ತುಗಳಿಗೆ ಅಂಟಿಕೊಳ್ಳುವುದು ಹೇಗೆ, ಆ ದಾರಿಯನ್ನು ನಾವೇ ಹಿಂದಕ್ಕೆ ನಡೆದು ನೋಡುವುದು ಹೇಗೆ ಎಂಬುದನ್ನು ಅವಳಿಗೆ ಹೇಳಿಕೊಟ್ಟ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಈ ಕೆಲಸಕ್ಕೆ ಫ್ರೆಂಚ್ ಬಲ್ಲ ಪಂಡಿತರಾಗಿರಬೇಕಿಲ್ಲ. ಒಂದು ನೋಟುಪುಸ್ತಕ, ಒಂದೆರಡು ಒಳ್ಳೆಯ ನಿಘಂಟು, ಸುತ್ತಲಿನ ಮಾತಿಗೆ ಕಿವಿಗೊಡುವ ತಾಳ್ಮೆ ಇದ್ದರೆ ಸಾಕು. ನಾನು ಇಡೀ ಬರಹದಲ್ಲಿ ಹಿಡಿದಿರುವ ನಿಲುವನ್ನೂ ಮೊದಲೇ ಹೇಳಿಬಿಡುತ್ತೇನೆ: ಪದವೊಂದು ಫ್ರಾನ್ಸಿನಿಂದ ನಮ್ಮ ಮನೆಗೆ ಒಂದೇ ನೆಗೆತಕ್ಕೆ ಬಂದಿಲ್ಲ. ಅದು ಊರೂರಿಗೆ ನಿಂತು, ಪ್ರತಿ ಊರಿನಲ್ಲೂ ಏನನ್ನೋ ಬಿಟ್ಟು ಏನನ್ನೋ ಹೊತ್ತು ಬಂದಿದೆ. ಆದ್ದರಿಂದ ಮೊದಲ ತುದಿಯನ್ನೂ ಕೊನೆಯ ತುದಿಯನ್ನೂ ಜೋಡಿಸಿ ‘ತಪ್ಪಾಗಿ ಬಳಸುತ್ತಿದ್ದೇವೆ’ ಎಂದು ತೀರ್ಪು ಕೊಡುವುದು ಸರಿಯಲ್ಲ. ನಡುವಿನ ನಿಲ್ದಾಣಗಳನ್ನು ಒಂದೊಂದಾಗಿ ನೋಡಬೇಕು.

ಮೊದಲು ಕಿವಿ, ಆಮೇಲೆ ನಿಘಂಟು

ಹೆಚ್ಚಿನವರು ಮಾಡುವ ಮೊದಲ ತಪ್ಪೆಂದರೆ ಪದ ಕಂಡೊಡನೆ ನಿಘಂಟು ತೆರೆಯುವುದು. ನಿಘಂಟಿನ ಅರ್ಥ ಒಮ್ಮೆ ತಲೆಗೆ ಹೊಕ್ಕರೆ, ನಮ್ಮ ಊರಿನವರು ಆ ಪದವನ್ನು ನಿಜವಾಗಿ ಹೇಗೆ ಆಡುತ್ತಾರೆ ಎಂಬುದು ಕಿವಿಗೆ ಬೀಳುವುದೇ ಇಲ್ಲ. ಹೀಗಾಗಿ ಮೊದಲು ನಾಲ್ಕೈದು ನಿಜವಾದ ವಾಕ್ಯಗಳನ್ನು, ಆಡಿದ ಹಾಗೆಯೇ, ಬರೆದುಕೊಳ್ಳಬೇಕು.

‘ಡಿಪೋ’ ಎಂಬ ಪದವನ್ನು ತೆಗೆದುಕೊಳ್ಳೋಣ. ಮಂಡ್ಯದಲ್ಲಿ ಬಸ್ಸುಗಳು ರಾತ್ರಿ ನಿಲ್ಲುವ ಜಾಗ ಡಿಪೋ. ಸೌದೆ ಮಾರುವ ಜಾಗವೂ ಸೌದೆ ಡಿಪೋ. ಹಳಬರ ಬಾಯಲ್ಲಿ ‘ಡಿಪೋಗೆ ಹೋಗಿ ಸಕ್ಕರೆ ತಗೊಂಡು ಬಾ’ ಎಂದರೆ ನ್ಯಾಯಬೆಲೆ ಅಂಗಡಿ. ಈ ಮೂರನ್ನೂ ಪಕ್ಕಪಕ್ಕದಲ್ಲಿ ಬರೆದ ಮೇಲೆ ನೋಡಿದರೆ, ಏನನ್ನೋ ತಂದು ಕೂಡಿಟ್ಟು ಅಲ್ಲಿಂದ ಹೊರಕ್ಕೆ ಕಳಿಸುವ ತಾಣ ಎಂಬ ಒಂದೇ ಎಳೆ ಎಲ್ಲದರಲ್ಲೂ ಹಾಯ್ದಿರುವುದು ಕಾಣುತ್ತದೆ. ಫ್ರೆಂಚಿನಲ್ಲಿ ಆ ಪದಕ್ಕೆ ಇರಿಸುವಿಕೆ, ಠೇವಣಿ, ದಾಸ್ತಾನು ಎಂಬ ಅರ್ಥಗಳಿರುವುದನ್ನು ಆಮೇಲೆ ತಿಳಿದಾಗ, ನಮ್ಮ ಸೌದೆ ಡಿಪೋ ಮೂಲಕ್ಕೆ ಎಷ್ಟು ಹತ್ತಿರದಲ್ಲಿ ಉಳಿದಿದೆ ಎಂದು ಬೆರಗಾಗುತ್ತದೆ. ಅಮೆರಿಕದ ಇಂಗ್ಲಿಷಿನಲ್ಲಿ ಅದೇ ಪದ ರೈಲು ನಿಲ್ದಾಣವಾಯಿತು, ರಷ್ಯನ್ನಿನಲ್ಲಿ ಎಂಜಿನುಗಳನ್ನು ನಿಲ್ಲಿಸುವ ಕೊಟ್ಟಿಗೆಯಾಯಿತು, ಟರ್ಕಿಯ ನುಡಿಯಲ್ಲಿ ಗೋದಾಮಿನ ಜೊತೆಗೆ ಮೋಟಾರಿನ ಎಣ್ಣೆ ತೊಟ್ಟಿಗೂ ಹೆಸರಾಯಿತು.

ವಾಕ್ಯ ಬರೆದುಕೊಳ್ಳುವಾಗ ಒಂದು ಎಚ್ಚರ ಬೇಕು. ಒಂದೇ ರೂಪದ ಪದಗಳೆಲ್ಲ ಒಂದೇ ಪದವಲ್ಲ. ‘ನಗೆ ಬೀರಿದಳು’ ಎಂಬಲ್ಲಿರುವ ಬೀರು ಅಚ್ಚಗನ್ನಡದ ಕ್ರಿಯಾಪದ. ಬಾಟಲಿಯಲ್ಲಿ ಬರುವ ಬೀರು ಇನ್ನೊಂದು ದಾರಿಯಿಂದ ಬಂದ ಪಾನೀಯದ ಹೆಸರು. ಬಟ್ಟೆ ಇಡುವ ಬೀರು ಇವೆರಡಕ್ಕೂ ನೆಂಟನಲ್ಲ. ಮೂರನ್ನೂ ಬೇರೆ ಬೇರೆ ಪುಟದಲ್ಲಿ ಬರೆದರೆ ಮುಂದೆ ಗೊಂದಲವಾಗುವುದಿಲ್ಲ.

ಪದ ಒಳಬಂದ ಬಾಗಿಲು

ಎರಡನೆಯ ಕೆಲಸ, ಪದ ಯಾವ ಬಾಗಿಲಿನಿಂದ ಕನ್ನಡದೊಳಕ್ಕೆ ಬಂದಿತು ಎಂದು ಗುರುತಿಸುವುದು. ನಮ್ಮ ಸೀಮೆಯವರು ಇಲ್ಲಿ ವಿಶೇಷವಾಗಿ ಎಚ್ಚರದಿಂದಿರಬೇಕು. ಏಕೆಂದರೆ ನಮಗೆ ಫ್ರೆಂಚರು ಕೇವಲ ಪುಸ್ತಕದ ಜನರಲ್ಲ. ಹೈದರಾಲಿಯ ಮತ್ತು ಟಿಪ್ಪು ಸುಲ್ತಾನನ ಸೇವೆಯಲ್ಲಿದ್ದ ಫ್ರೆಂಚ್ ಪಡೆಗಳು ಬೀಡುಬಿಟ್ಟಿದ್ದ ಕಾರಣ, ಹಿರೋಡೆ ಎಂದಿದ್ದ ಇಂದಿನ ಪಾಂಡವಪುರಕ್ಕೆ ಬ್ರಿಟಿಷರ ಕಾಲದಲ್ಲಿ ‘ಫ್ರೆಂಚ್ ರಾಕ್ಸ್’ ಎಂಬ ಹೆಸರೇ ಬಿದ್ದಿತ್ತು. ಇದನ್ನು ಬಲ್ಲವರಿಗೆ ಮಂಡ್ಯ ಜಿಲ್ಲೆಯ ಫ್ರೆಂಚ್ ಪದಗಳೆಲ್ಲ ನೇರವಾಗಿ ಆ ಸಿಪಾಯಿಗಳ ಬಾಯಿಂದಲೇ ಬಂದವು ಎಂದು ನಂಬುವ ಆಸೆ ಹುಟ್ಟುತ್ತದೆ. ನನಗೂ ಆ ಆಸೆ ಇತ್ತು. ಆದರೆ ಪದಗಳ ಉಚ್ಚಾರಣೆಯನ್ನು ಒಂದೊಂದಾಗಿ ಪರೀಕ್ಷಿಸಿದಾಗ ಬಹುಪಾಲು ಪದಗಳು ಇಂಗ್ಲಿಷಿನ ಹೊಸ್ತಿಲನ್ನು ದಾಟಿಯೇ ಬಂದಿರುವುದು ಖಚಿತವಾಗುತ್ತದೆ.

ಬಿಸ್ಕತ್ತು ಇದಕ್ಕೆ ಒಳ್ಳೆಯ ಸಾಕ್ಷಿ. ಫ್ರೆಂಚರು ಆ ಪದದ ಕೊನೆಯ ತಕಾರವನ್ನು ಉಚ್ಚರಿಸುವುದಿಲ್ಲ, ‘ಬಿಸ್ಕ್ವಿ’ ಎಂದು ನಿಲ್ಲಿಸುತ್ತಾರೆ. ಇಂಗ್ಲಿಷಿನವರು ಅದನ್ನು ಬಹಳ ಹಿಂದೆಯೇ ತಮ್ಮದಾಗಿಸಿಕೊಂಡು ‘ಬಿಸ್ಕಿಟ್’ ಎಂದರು. ನಾವು ಅದರ ಕೊನೆಯ ವ್ಯಂಜನಕ್ಕೆ ಒತ್ತು ಕೊಟ್ಟು, ಕನ್ನಡದ ಜಾಯಮಾನಕ್ಕೆ ತಕ್ಕಂತೆ ಉಕಾರ ಸೇರಿಸಿ ಬಿಸ್ಕತ್ತು ಎಂದೆವು. ನಮ್ಮ ಪದದಲ್ಲಿ ತಕಾರ ಉಳಿದಿರುವುದರಿಂದಲೇ ಅದು ಇಂಗ್ಲಿಷ್ ದಾರಿಯಿಂದ ಬಂದದ್ದು ಎಂದು ಹೇಳಬಹುದು. ಡಿಪೋ, ಬಫೆ ಮುಂತಾದವುಗಳಲ್ಲಿ ಬರಹದಲ್ಲಿರುವ ತಕಾರ ಬಾಯಲ್ಲಿ ಇಲ್ಲ. ಏಕೆಂದರೆ ಇಂಗ್ಲಿಷಿನವರು ಆ ಪದಗಳನ್ನು ತಡವಾಗಿ, ಫ್ರೆಂಚ್ ಉಚ್ಚಾರಣೆಯ ಸಮೇತ, ತೆಗೆದುಕೊಂಡರು.

ಚಕಾರ ಮತ್ತು ಷಕಾರಗಳ ಗುರುತು ಇನ್ನೂ ಸ್ಪಷ್ಟ. 1066ರಲ್ಲಿ ಫ್ರೆಂಚ್ ಆಡುತ್ತಿದ್ದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲಿನ ಕೆಲವು ಶತಮಾನಗಳಲ್ಲಿ ಹೋದ ಫ್ರೆಂಚ್ ಪದಗಳಲ್ಲಿ ಆ ಕಾಲದ ಚಕಾರ ಹಾಗೆಯೇ ನಿಂತಿತು. ಅನಂತರ ಫ್ರಾನ್ಸಿನಲ್ಲಿ ಆ ಧ್ವನಿ ಷಕಾರವಾಗಿ ಬದಲಾಯಿತು, ತಡವಾಗಿ ಹೋದ ಪದಗಳು ಆ ಷಕಾರವನ್ನು ಹೊತ್ತುಕೊಂಡು ಹೋದವು. ಹೀಗೆ ಒಂದೇ ಪದ ಎರಡು ಬಾರಿ ಎರವಲಾಗಿ, ಮೊದಲ ಸಲ ‘ಚೀಫ್’ ಎಂದೂ ಎರಡನೆಯ ಸಲ ‘ಷೆಫ್’ ಎಂದೂ ಬಂದಿತು. ಎರಡೂ ಈಗ ಕನ್ನಡ ಪತ್ರಿಕೆಗಳಲ್ಲಿ ಇವೆ: ಚೀಫ್ ಎಂಜಿನಿಯರ್ ಕಚೇರಿಯಲ್ಲಿರುತ್ತಾರೆ, ಷೆಫ್ ಅಡುಗೆಮನೆಯಲ್ಲಿರುತ್ತಾರೆ. ಫ್ರೆಂಚಿನಲ್ಲಿ ಆ ಪದಕ್ಕೆ ಈಗಲೂ ಮುಖ್ಯಸ್ಥ ಎಂಬುದೇ ಮೊದಲ ಅರ್ಥ. ‘ಅಡುಗೆಮನೆಯ ಮುಖ್ಯಸ್ಥ’ ಎಂಬ ಪದಪುಂಜದ ಬಾಲ ಉದುರಿ ಇಂಗ್ಲಿಷಿನಲ್ಲಿ ಅಡುಗೆಯವರ ಅರ್ಥ ನಿಂತಿತು. ಜರ್ಮನಿಯಲ್ಲಿ ಕೆಲಸ ಮಾಡುವ ಕನ್ನಡಿಗರೊಬ್ಬರಿಗೆ ‘ನಿಮ್ಮ ಷೆಫ್ ಕರೆಯುತ್ತಿದ್ದಾರೆ’ ಎಂದು ಯಾರಾದರೂ ಹೇಳಿದರೆ, ಹೋಗಬೇಕಾದದ್ದು ಮೇಲಧಿಕಾರಿಯ ಕೋಣೆಗೆ.

ಇದೇ ಹಂತದಲ್ಲಿ ಫ್ರೆಂಚಿನದೆಂದು ತೋರಿಯೂ ಫ್ರೆಂಚಿನದಲ್ಲದ ಪದಗಳನ್ನು ಬದಿಗೆ ಇಡಬೇಕು. ಅಲಮಾರಿನ ಹೆಸರು ಫ್ರೆಂಚಿನ ‘ಆರ್ಮ್ವಾರ್’ ಪದವನ್ನು ನೆನಪಿಸುತ್ತದೆ. ಆದರೆ ಅದು ನಮಗೆ ಬಂದದ್ದು ಪೋರ್ಚುಗೀಸಿನ ‘ಅರ್ಮಾರಿಯು’ ಎಂಬುದರಿಂದ. ಫ್ರೆಂಚ್ ಪದ ಅದರ ತಾಯಿಯಲ್ಲ, ಅಕ್ಕತಂಗಿ. ಇಬ್ಬರಿಗೂ ಲ್ಯಾಟಿನ್ ತಾಯಿ. ಕೀಲಿಗೆ ಹೇಳುವ ಚಾವಿಯೂ ಊಟದ ಮೇಜೂ ಇದೇ ಪೋರ್ಚುಗೀಸ್ ಗುಂಪಿನವು. ನಮ್ಮ ಮನೆಯ ಒಂದೇ ಕಬ್ಬಿಣದ ಪೆಟ್ಟಿಗೆಗೆ ಅತ್ತೆ ಅಲಮಾರು ಎನ್ನುತ್ತಾರೆ, ಅಮ್ಮ ಬೀರು ಎನ್ನುತ್ತಾರೆ. ಒಂದು ಪೋರ್ಚುಗೀಸಿನ ಹಡಗಿನಲ್ಲಿ ಬಂದದ್ದು, ಇನ್ನೊಂದು ಫ್ರೆಂಚಿನಿಂದ ಇಂಗ್ಲಿಷಿಗೆ ಹೋಗಿ ಅಲ್ಲಿಂದ ಬಂದದ್ದು.

ಫ್ರೆಂಚಿನ ಮನೆಯೊಳಗೆ

ಬಾಗಿಲು ಗೊತ್ತಾದ ಮೇಲೆ ಫ್ರೆಂಚಿನ ಒಳಗೇ ಆ ಪದ ಹೇಗೆ ಬೆಳೆಯಿತು ಎಂದು ನೋಡಬೇಕು. ಇದಕ್ಕೆ ಫ್ರಾನ್ಸಿನ ನಾನ್ಸಿ ನಗರದ ರಾಷ್ಟ್ರೀಯ ಪಠ್ಯ ಮತ್ತು ಪದ ಸಂಪನ್ಮೂಲ ಕೇಂದ್ರದ ನಿಘಂಟು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಪ್ರತಿ ಪದದ ಕೆಳಗೆ, ಯಾವ ಅರ್ಥ ಯಾವ ವರ್ಷದ ಬರಹದಲ್ಲಿ ಮೊದಲು ಕಾಣಿಸಿತು ಎಂದು ಅದರಲ್ಲಿ ಕೊಟ್ಟಿರುತ್ತಾರೆ. ಆ ವರ್ಷವನ್ನು ಪದದ ಹುಟ್ಟಿದ ದಿನವೆಂದು ತಿಳಿಯಬಾರದು. ಅದು ಬರಹದಲ್ಲಿ ಸಿಕ್ಕಿದ ಮೊದಲ ಹೆಜ್ಜೆಗುರುತು. ಬಾಯಲ್ಲಿ ಅದು ಇನ್ನೂ ಮುಂಚೆಯೇ ಓಡಾಡುತ್ತಿದ್ದಿರಬಹುದು. ಕನ್ನಡದ ಕಡೆಯಿಂದ 1894ರ ಕಿಟೆಲ್ ನಿಘಂಟನ್ನೂ, ಶ್ರೀರಂಗಪಟ್ಟಣದ ಬಳಿಯ ಗಂಜಾಂ ಊರಿನ ಹೆಸರನ್ನು ತಮ್ಮ ಹೆಸರಿನಲ್ಲಿ ಹೊತ್ತಿದ್ದ ಜಿ. ವೆಂಕಟಸುಬ್ಬಯ್ಯನವರ ಎರವಲು ಪದಕೋಶವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಕಿಟೆಲ್ ನಿಘಂಟಿನಲ್ಲಿ ಒಂದು ಎರವಲು ಪದ ಇದ್ದರೆ, 19ನೆಯ ಶತಮಾನ ಮುಗಿಯುವ ಮೊದಲೇ ಅದು ಕನ್ನಡದಲ್ಲಿ ನೆಲೆಯೂರಿತ್ತು ಎಂದು ಧೈರ್ಯವಾಗಿ ಹೇಳಬಹುದು.

ಬೀರುವಿನ ಹಿಂದಿನ ಕಥೆ ಹೀಗಿದೆ. ಹಳೆಯ ಫ್ರೆಂಚಿನಲ್ಲಿ ‘ಬ್ಯುರೆಲ್’ ಎಂದರೆ ಒರಟು ಉಣ್ಣೆಬಟ್ಟೆ. ಲೆಕ್ಕಪತ್ರ ಬರೆಯುವ ಮೇಜಿನ ಮೇಲೆ ಆ ಬಟ್ಟೆಯನ್ನು ಹಾಸುತ್ತಿದ್ದರು. ಹಾಸಿದ ಬಟ್ಟೆಯ ಹೆಸರು ಮೇಜಿಗೆ ಬಂದಿತು, ಮೇಜಿನ ಹೆಸರು ಅದಿದ್ದ ಕೋಣೆಗೆ ಬಂದಿತು, ಕೋಣೆಯ ಹೆಸರು ಅಲ್ಲಿ ಕುಳಿತು ಕೆಲಸ ಮಾಡುವ ಇಲಾಖೆಗೆ ಬಂದಿತು. ಮುಟ್ಟಿಕೊಂಡಿರುವ ಒಂದು ವಸ್ತುವಿನಿಂದ ಪಕ್ಕದ ವಸ್ತುವಿಗೆ ಹೆಸರು ಜಾರುವ ಈ ಬಗೆ ನಮಗೂ ಹೊಸದಲ್ಲ. ‘ಇಡೀ ಊರು ಬಂದಿತ್ತು’ ಎಂದಾಗ ನಾವು ಊರಿನ ಜನರನ್ನೇ ಹೇಳುತ್ತೇವೆ. ಇಂಗ್ಲಿಷಿನವರು 17ನೆಯ ಶತಮಾನದ ಕೊನೆಯ ಹೊತ್ತಿಗೆ ಅದನ್ನು ಮೇಜಿನ ಅರ್ಥದಲ್ಲಿ, ಅದರಲ್ಲೂ ಸೆಳೆಖಾನೆಗಳಿರುವ ಬರವಣಿಗೆಯ ಮೇಜು ಎಂಬ ಅರ್ಥದಲ್ಲಿ, ಕೊಂಡುಹೋದರು. ಅಮೆರಿಕದವರು ಮೇಜನ್ನು ಬಿಟ್ಟು ಖಾನೆಗಳನ್ನು ಮಾತ್ರ ಉಳಿಸಿಕೊಂಡು, ಬಟ್ಟೆ ಇಡುವ ಸೆಳೆಖಾನೆಗಳ ಪೆಟ್ಟಿಗೆಗೆ ಆ ಹೆಸರಿಟ್ಟರು.

ನಮ್ಮ ಕಡೆ ನಡೆದದ್ದೂ ಇದೇ ಜಾತಿಯ ಬದಲಾವಣೆ. ಮರದ ಪೀಠೋಪಕರಣವಾಗಿ ಬಂದದ್ದು ಬೀಗ ಹಾಕಿ ಭದ್ರಪಡಿಸುವ ಪೆಟ್ಟಿಗೆಯಾಯಿತು, ಆಮೇಲೆ ಕಬ್ಬಿಣದ್ದಾಯಿತು. ತೆಲುಗಿನಲ್ಲಿ ‘ಬೀರುವಾ’, ತಮಿಳಿನಲ್ಲಿ ‘ಬೀರೋ’ ಎಂದು ಇದೇ ಅರ್ಥದಲ್ಲಿ ಇರುವುದರಿಂದ, ಇದು ಒಬ್ಬರ ಮನೆಯಲ್ಲಿ ಆದ ತಿರುವಲ್ಲ, ದಕ್ಷಿಣದ ಮೂರು ನುಡಿಗಳೂ ಹಂಚಿಕೊಂಡ ತಿರುವು ಎಂದು ತಿಳಿಯುತ್ತದೆ. ನೆರೆಯ ನುಡಿಗಳನ್ನು ನೋಡದೆ ಕನ್ನಡದ ಒಂದು ಪದದ ಬಗ್ಗೆ ತೀರ್ಮಾನಕ್ಕೆ ಬರಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಪತ್ರಿಕೆಯ ‘ಬ್ಯೂರೋ’ ಬಹಳ ತಡವಾಗಿ, ಕಚೇರಿಯ ಅರ್ಥವನ್ನು ಹಿಡಿದು, ಇಂಗ್ಲಿಷ್ ಉಚ್ಚಾರಣೆಯನ್ನು ಹಾಗೆಯೇ ಉಳಿಸಿಕೊಂಡು ಬಂದಿತು. ಹೀಗೆ ಒಂದೇ ಪದ ಎರಡು ಸಲ ಬಂದರೆ, ಹೆಚ್ಚು ಸವೆದ ರೂಪವೇ ಸಾಮಾನ್ಯವಾಗಿ ಹಳೆಯದು.

ಇಂದಿನ ಫ್ರೆಂಚ್ ಅರ್ಥವೇ ಮೂಲ ಅರ್ಥ ಎಂದು ಭಾವಿಸುವುದೂ ತಪ್ಪು; ಫ್ರೆಂಚ್ ಕೂಡ ನಿಂತಲ್ಲಿ ನಿಂತಿಲ್ಲ. ‘ಎಸೆನ್ಸ್’ ಎಂದರೆ ನಮಗೆ ಊದುಬತ್ತಿಗೂ ಐಸ್‌ಕ್ರೀಮಿಗೂ ಹಾಕುವ ಪರಿಮಳದ ಸಾರ. ಫ್ರೆಂಚಿನಲ್ಲೂ ಆ ಅರ್ಥ ಇದೆ, ಆದರೆ ಇಂದು ಪ್ಯಾರಿಸ್ಸಿನಲ್ಲಿ ಕಾರಿಗೆ ‘ಎಸಾಂಸ್’ ಹಾಕಿಸಿದೆ ಎಂದರೆ ಪೆಟ್ರೋಲ್ ಹಾಕಿಸಿದೆ ಎಂದರ್ಥ. ‘ಪೆತ್ರೋಲ್’ ಎಂಬುದು ಅವರಿಗೆ ನೆಲದಿಂದ ತೆಗೆಯುವ ಕಚ್ಚಾ ಎಣ್ಣೆ. ಇಂಗ್ಲಿಷಿನವರು ಕಚ್ಚಾ ಎಣ್ಣೆಯ ಹೆಸರನ್ನು ಎರವಲು ತಂದು ಸಂಸ್ಕರಿಸಿದ ಎಣ್ಣೆಗೆ ಇಟ್ಟರು, ನಮ್ಮ ಬಂಕುಗಳಲ್ಲಿ ಆ ಹೆಸರೇ ನಿಂತಿತು.

ಮಟನ್ ಎಂಬ ಒಂದು ಪದ

ಈಗ ಅರ್ಥ ಬದಲಾದ ಬಗೆಗೆ ಹೆಸರಿಡುವ ಕೆಲಸ. ಅರ್ಥಸಂಕೋಚ, ಅರ್ಥವಿಸ್ತಾರ, ಅರ್ಥಪಲ್ಲಟ ಎಂಬ ಪಾರಿಭಾಷಿಕ ಪದಗಳು ಕನ್ನಡದಲ್ಲಿ ಮೊದಲೇ ಇವೆ; ಅವುಗಳನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡುವುದಕ್ಕಿಂತ, ಎರಡು ಒಂದರ ಮೇಲೊಂದು ನಡೆದಿರುವ ಒಂದು ಪದವನ್ನು ಕೂಲಂಕಷವಾಗಿ ನೋಡುವುದು ಮೇಲು.

ಫ್ರೆಂಚಿನಲ್ಲಿ ‘ಮುತೋಂ’ ಎಂದರೆ ಕುರಿ. ಹುಲ್ಲು ಮೇಯುವ ಜೀವಂತ ಕುರಿಯೂ ಹೌದು, ತಟ್ಟೆಯಲ್ಲಿರುವ ಕುರಿಮಾಂಸವೂ ಹೌದು. ಇಂಗ್ಲಿಷಿಗೆ ಹೋದಾಗ ಅದು ಮಾಂಸಕ್ಕೆ ಮಾತ್ರ ಸೀಮಿತವಾಯಿತು. ಇದು ಸಂಕೋಚ. ಕುರಿ ಸಾಕಿದ ಬಡವರು ಇಂಗ್ಲಿಷ್ ಆಡುತ್ತಿದ್ದರು, ಮಾಂಸ ತಿಂದ ದೊರೆಗಳು ಫ್ರೆಂಚ್ ಆಡುತ್ತಿದ್ದರು, ಆದ್ದರಿಂದ ಪ್ರಾಣಿಗೊಂದು ಮಾಂಸಕ್ಕೊಂದು ಹೆಸರಾಯಿತು ಎಂಬ ವಿವರಣೆ ಎಲ್ಲೆಡೆ ಪ್ರಚಾರದಲ್ಲಿದೆ. ಅದರಲ್ಲಿ ಸತ್ಯದ ಅಂಶವಿದ್ದರೂ ಕಥೆ ಅಷ್ಟು ಸರಳವಲ್ಲ. ಈ ಪದವನ್ನು ಇಂಗ್ಲಿಷಿನವರೇ ಬಹಳ ಕಾಲ ಜೀವಂತ ಕುರಿಗೂ ಬಳಸುತ್ತಿದ್ದರು, ಸ್ಪಷ್ಟವಾದ ಹಂಚಿಕೆ ನಿಂತದ್ದು ಆಮೇಲೆ. ಭಾರತಕ್ಕೆ ಬಂದಾಗ ಇದೇ ಪದ ಮತ್ತೆ ಹಿಗ್ಗಿತು: ಆಡು, ಮೇಕೆಗಳ ಮಾಂಸವೂ ಮಟನ್ ಆಯಿತು, ಉತ್ತರದ ಅನೇಕ ಕಡೆ ಮಟನ್ ಎಂದರೆ ಮೇಕೆಯದೇ. ಕುರಿತಳಿಗೆ ಹೆಸರಾದ ಬನ್ನೂರಿನ ಸುತ್ತಮುತ್ತ, ಮಂಡ್ಯದ ಅಂಗಡಿಗಳಲ್ಲಿ, ಮಟನ್ ಎಂದಷ್ಟೇ ಹೇಳಿದರೆ ಕೊಳ್ಳುವವರಿಗೆ ಸಾಲದು. ‘ಕುರೀದಾ, ಮೇಕೇದಾ?’ ಎಂದು ಕೇಳಿಯೇ ತಕ್ಕಡಿಯ ಮುಂದೆ ನಿಲ್ಲುತ್ತಾರೆ. ಆ ಪ್ರಶ್ನೆಯನ್ನು ನೋಟುಪುಸ್ತಕದಲ್ಲಿ ಹಾಗೆಯೇ ಬರೆದುಕೊಳ್ಳಿ. ಪದವೊಂದು ಹಿಗ್ಗಿದೆ ಎಂಬುದಕ್ಕೆ, ಆಡುವವರೇ ಅದಕ್ಕೆ ಇನ್ನೊಂದು ವಿಶೇಷಣ ಸೇರಿಸಬೇಕಾಗುವುದಕ್ಕಿಂತ ಗಟ್ಟಿಯಾದ ಪುರಾವೆ ಬೇರೊಂದಿಲ್ಲ.

ಒಂದು ಕಟ್ಲೆಟ್ಟಿನ ದಾರಿ

ಮುಂದಿನ ಹೆಜ್ಜೆಯಾದ ಬೇರೆ ನುಡಿಗಳ ಹೋಲಿಕೆಗೆ ನಾನು ಯಾವಾಗಲೂ ಕಟ್ಲೆಟ್ಟನ್ನೇ ಆರಿಸುತ್ತೇನೆ. ಮೈಸೂರಿನ ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಅದು ಹೇಗಿರುತ್ತದೆ ಎಂದು ನೋಡಿ: ಆಲೂಗೆಡ್ಡೆ, ಕ್ಯಾರೆಟ್, ಬಟಾಣಿ, ಬೀಟ್‌ರೂಟುಗಳನ್ನು ಬೇಯಿಸಿ ಹಿಸುಕಿ, ವೀಳ್ಯದೆಲೆಯ ಆಕಾರಕ್ಕೆ ತಟ್ಟಿ, ಒಣ ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿದ ತಿಂಡಿ, ಮುರಿದರೆ ಒಳಗೆ ಬೀಟ್‌ರೂಟಿನ ಕೆಂಪು. ಅದರಲ್ಲಿ ಮಾಂಸವಿಲ್ಲ, ಮೂಳೆಯಂತೂ ಇಲ್ಲವೇ ಇಲ್ಲ. ಆದರೆ ಪದದ ಒಳಗೆ ಮೂಳೆ ಇದೆ. ಫ್ರೆಂಚಿನಲ್ಲಿ ‘ಕೋತ್’ ಎಂದರೆ ಪಕ್ಕೆಲುಬು, ‘ಕೋತ್ಲೆತ್’ ಎಂದರೆ ಪುಟ್ಟ ಪಕ್ಕೆಲುಬು, ಅಂದರೆ ಎಲುಬಿನ ಸಮೇತ ಕತ್ತರಿಸಿದ ಮಾಂಸದ ತುಂಡು.

ಇಂಗ್ಲಿಷಿನವರು ಅದನ್ನು 18ನೆಯ ಶತಮಾನದ ಆರಂಭದಲ್ಲಿ ತೆಗೆದುಕೊಂಡಾಗ, ಅವರ ಕಿವಿಗೆ ಅದರಲ್ಲಿ ಕತ್ತರಿಸು ಎಂಬರ್ಥದ ತಮ್ಮದೇ ‘ಕಟ್’ ಕೇಳಿಸಿತು. ಕತ್ತರಿಸಿದ ಪುಟ್ಟ ತುಂಡು ಎಂದು ಹೊಂದಿಸಿಕೊಂಡು ಪದದ ರೂಪವನ್ನೇ ಆ ಕಡೆಗೆ ತಿದ್ದಿದರು. ರಷ್ಯನ್ನರು ಫ್ರೆಂಚಿನಿಂದ ಪಡೆದ ‘ಕತ್ಲ್ಯೆತ’ ಮೊದಲಿಗೆ ಎಲುಬಿನದೇ ಆಗಿದ್ದು, ಕ್ರಮೇಣ ಕೊಚ್ಚಿದ ಮಾಂಸವನ್ನು ತಟ್ಟಿ ಬೇಯಿಸುವ ಬಿಲ್ಲೆಯಾಯಿತು. ಜಪಾನೀಯರು ಇಂಗ್ಲಿಷಿನಿಂದ ‘ಕತ್ಸುರೆತ್ಸು’ ಎಂದು ತಂದು, ಬಾಲವನ್ನು ಕತ್ತರಿಸಿ ‘ಕತ್ಸು’ ಎಂದರು, ಹಂದಿಮಾಂಸಕ್ಕೆ ಹಿಟ್ಟುಪುಡಿ ಹಚ್ಚಿ ಕರಿದದ್ದಕ್ಕೆ ‘ತೊನ್‌ಕತ್ಸು’ ಎಂದು ಹೆಸರಿಟ್ಟರು. ಅವರ ನುಡಿಯಲ್ಲಿ ಗೆಲ್ಲು ಎಂಬುದಕ್ಕೂ ಅದೇ ಧ್ವನಿ ಇರುವುದರಿಂದ, ಪರೀಕ್ಷೆಯ ಮುನ್ನಾದಿನ ವಿದ್ಯಾರ್ಥಿಗಳು ಅದನ್ನು ತಿನ್ನುವ ರೂಢಿಯೂ ಬೆಳೆದಿದೆ. ಆ ‘ಕತ್ಸು’ ಈಗ ಇಂಗ್ಲೆಂಡಿಗೆ ಮರಳಿ ಹೋಗಿ, ಅಲ್ಲಿನ ಅನೇಕರ ಬಾಯಲ್ಲಿ ಕರಿದ ಮಾಂಸಕ್ಕಲ್ಲ, ಅದರ ಜೊತೆಗೆ ಬಡಿಸುವ ಸಾರಿನ ಬಗೆಗೆ ಹೆಸರಾಗಿದೆ.

ಈ ನಾಲ್ಕನ್ನು ಸಾಲಾಗಿ ಇಟ್ಟು, ಪ್ರತಿಯೊಂದರಲ್ಲಿ ಏನು ಉಳಿಯಿತು ಎಂದು ಕೇಳಬೇಕು. ಇಂಗ್ಲಿಷಿನಲ್ಲಿ ಕತ್ತರಿಸಿದ ತುಂಡು ಉಳಿಯಿತು, ರಷ್ಯನ್ನಿನಲ್ಲಿ ಬಿಲ್ಲೆಯ ಆಕಾರ, ಜಪಾನೀ ನುಡಿಯಲ್ಲಿ ಹೊರಗಿನ ಗರಿಗರಿ ಹೊದಿಕೆ. ನಮ್ಮಲ್ಲಿ ಆಕಾರವೂ ಹೊದಿಕೆಯೂ ಉಳಿದು ಒಳಗಿನ ಸಾಮಗ್ರಿ ಪೂರ್ತಿಯಾಗಿ ಬದಲಾಯಿತು. ಯಾವ ಅಂಶವನ್ನು ಒಂದು ಸಮಾಜ ಆ ವಸ್ತುವಿನ ಜೀವಾಳವೆಂದು ಕಂಡಿತೋ ಆ ಅಂಶಕ್ಕೆ ಹೆಸರು ಅಂಟಿಕೊಂಡಿತು. ನನ್ನ ಮಟ್ಟಿಗೆ ಇಡೀ ಅಭ್ಯಾಸದಲ್ಲಿ ಇದಕ್ಕಿಂತ ಉಪಯುಕ್ತವಾದ ಪ್ರಶ್ನೆ ಇನ್ನೊಂದಿಲ್ಲ. ಇದೇ ‘ಕೋತ್’ ಪದಕ್ಕೆ ಫ್ರೆಂಚಿನಲ್ಲಿ ಕಡಲ ತೀರ ಎಂಬ ಅರ್ಥವೂ ಇದೆ; ನಾಡಿನ ಪಕ್ಕೆ ಎಂಬ ಭಾವ. ಅದರ ಹಳೆಯ ರೂಪದಲ್ಲಿ ಸಕಾರವಿತ್ತು. ಇಂಗ್ಲಿಷಿನ ‘ಕೋಸ್ಟ್’ ಅದನ್ನು ಉಳಿಸಿಕೊಂಡಿದೆ. ನಮ್ಮ ಕೋಸ್ಟ್ ಗಾರ್ಡ್ ಸಿಬ್ಬಂದಿಯ ಹೆಸರೂ ಬೇಕರಿಯ ಕಟ್ಲೆಟ್ಟೂ ಹೀಗೆ ಒಂದೇ ಎಲುಬಿನಿಂದ ಹುಟ್ಟಿವೆ.

ಸೊಗಸಾದ ಕಥೆಗಳನ್ನು ತೂಗುವುದು

ಪದಗಳ ಹಿಂದೆ ಹೋದವರಿಗೆ ಸೊಗಸಾದ ಕಥೆಗಳು ಎದುರಾಗುತ್ತವೆ, ಅವುಗಳಲ್ಲಿ ಕೆಲವು ನಿಜ, ಕೆಲವು ಅರೆನಿಜ. ಶ್ರೀರಂಗಪಟ್ಟಣಕ್ಕೆ ಸಂಬಂಧಿಸಿದ ಎರಡು ಪದಗಳಿಂದ ಇದನ್ನು ತೋರಿಸಬಹುದು.

ಮೊದಲನೆಯದು ಮ್ಯಾಗಜೀನ್. ಅರಬ್ಬಿಯಲ್ಲಿ ‘ಮಖ್‌ಝನ್’ ಎಂದರೆ ಉಗ್ರಾಣ. ಅದರ ಬಹುವಚನ ಇಟಲಿಯ ಮೂಲಕ ಫ್ರೆಂಚಿಗೆ ಹೋಗಿ ‘ಮಗಝ್ಯಾಂ’ ಆಯಿತು. ಇಂದು ಫ್ರೆಂಚಿನಲ್ಲಿ ಅದಕ್ಕೆ ಅಂಗಡಿ ಎಂದರ್ಥ, ರಷ್ಯನ್ನರೂ ‘ಮಗಜಿನ್’ ಎಂದು ಅಂಗಡಿಯನ್ನೇ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಅದು ಮದ್ದುಗುಂಡಿನ ಉಗ್ರಾಣವಾಗಿ ನಿಂತಿತು. 1731ರಲ್ಲಿ ಲಂಡನ್ನಿನ ಒಂದು ನಿಯತಕಾಲಿಕ, ಬರಹಗಳ ಉಗ್ರಾಣ ಎಂಬ ಭಾವದಲ್ಲಿ ತನ್ನ ಹೆಸರಿನಲ್ಲಿ ಆ ಪದವನ್ನು ಸೇರಿಸಿಕೊಂಡ ಮೇಲೆ ಅದಕ್ಕೆ ಪತ್ರಿಕೆಯ ಅರ್ಥ ಬಂದಿತು. ಶ್ರೀರಂಗಪಟ್ಟಣದ ರೈಲು ನಿಲ್ದಾಣದ ಬಳಿ ಇದ್ದ ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನು, ಜೋಡಿಮಾರ್ಗದ ಕೆಲಸಕ್ಕಾಗಿ 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ದಪ್ಪ ಗೋಡೆಯ ಆ ಕಟ್ಟಡದ ಮುಂದೆ ನಿಂತವರಿಗೆ, ವಾರಪತ್ರಿಕೆಯ ಹೆಸರು ಎಲ್ಲಿಂದ ಹೊರಟಿತು ಎಂಬುದು ಕಣ್ಣಿಗೇ ಕಾಣುತ್ತದೆ. ಅದೇ ಅರಬ್ಬಿ ಧಾತುವಿನಿಂದ ಪರ್ಷಿಯನ್ ದಾರಿಯಲ್ಲಿ ಬಂದ ಇನ್ನೊಂದು ಪದ ಕನ್ನಡದಲ್ಲಿ ಎಂದೋ ಮನೆಮಾಡಿದೆ: ಖಜಾನೆ. ಇಲ್ಲಿ ಕಥೆಯ ಪ್ರತಿ ಹೆಜ್ಜೆಗೂ ಬರಹದ ಸಾಕ್ಷಿ ಇದೆ, ಆದ್ದರಿಂದ ಒಪ್ಪಬಹುದು.

ಎರಡನೆಯದು ಕಾಡತೂಸು. ಫ್ರೆಂಚಿನ ‘ಕಾರ್ತೂಷ್’, ಪೋರ್ಚುಗೀಸಿನ ‘ಕರ್ತೂಷು’ ಎರಡೂ ಇಟಲಿಯ ಒಂದು ಪದದಿಂದ ಬಂದವು. ಸುರುಳಿ ಸುತ್ತಿದ ಕಾಗದ ಎಂಬುದು ಅದರ ಅರ್ಥ, ಏಕೆಂದರೆ ಮದ್ದನ್ನು ಕಾಗದದಲ್ಲಿ ಸುತ್ತಿ ಇಡುತ್ತಿದ್ದರು. ಎರಡೂ ನುಡಿಗಳ ಸೈನಿಕರು ಈ ನೆಲದಲ್ಲಿ ಓಡಾಡಿದ್ದರು, ಎರಡೂ ರೂಪಗಳು ಕಿವಿಗೆ ಒಂದೇ ಆಗಿವೆ. ಹೀಗಾಗಿ ಪಾಂಡವಪುರದ ಫ್ರೆಂಚ್ ಪಾಳೆಯವನ್ನು ತೋರಿಸಿ ಇದು ಅಲ್ಲಿಂದಲೇ ಬಂದಿತು ಎಂದು ಬರೆಯುವುದು ಆತುರದ ಮಾತಾಗುತ್ತದೆ. ಪುಟದಲ್ಲಿ ಎರಡು ದಾರಿಗಳನ್ನೂ ಬರೆದು ಬಿಡುವುದೇ ಪ್ರಾಮಾಣಿಕ ಕ್ರಮ. ಇದೇ ಪದದ ಬಗ್ಗೆ ಇನ್ನೊಂದು ಪ್ರಸಿದ್ಧ ಕಥೆ ಇದೆ: 1798ರಲ್ಲಿ ನೆಪೋಲಿಯನ್ನನ ಜೊತೆ ಈಜಿಪ್ಟಿಗೆ ಹೋದ ಸಿಪಾಯಿಗಳು, ಅಲ್ಲಿನ ದೊರೆಗಳ ಹೆಸರನ್ನು ಸುತ್ತುವರಿದ ಉದ್ದನೆಯ ಚೌಕಟ್ಟನ್ನು ಕಂಡು, ತಮ್ಮ ಚೀಲದಲ್ಲಿದ್ದ ಕಾಡತೂಸಿನಂತಿದೆ ಎಂದು ಅದಕ್ಕೆ ಆ ಹೆಸರಿಟ್ಟರಂತೆ. ಆದರೆ ಹೆಸರು ಬರೆಯಲು ಬಿಡಿಸುವ ಸುರುಳಿಯಂಥ ಅಲಂಕಾರದ ಚೌಕಟ್ಟಿಗೆ ಫ್ರೆಂಚ್ ಶಿಲ್ಪಿಗಳು ಅದಕ್ಕೂ ಎರಡು ಶತಮಾನ ಮೊದಲೇ ಅದೇ ಪದವನ್ನು ಬಳಸುತ್ತಿದ್ದರು. ಹಾಗಿರುವಾಗ ಸಿಪಾಯಿಗಳ ಕಥೆಯೊಂದನ್ನೇ ನೆಚ್ಚಬೇಕಿಲ್ಲ. ಇಂಗ್ಲಿಷಿನಲ್ಲಿ ಇದೇ ಪದ ತಿರುಚಿಕೊಂಡು ‘ಕಾರ್ಟ್ರಿಡ್ಜ್’ ಆಗಿ, ಈಗ ನಮ್ಮ ಜೆರಾಕ್ಸ್ ಅಂಗಡಿಗಳ ಮುದ್ರಣ ಯಂತ್ರದೊಳಗೆ ಮಸಿ ತುಂಬಿಕೊಂಡು ಕುಳಿತಿದೆ.

ಪುಟ ಬರೆಯುವ ಕ್ರಮ

ಕೊನೆಗೆ, ಒಂದು ಪದಕ್ಕೆ ಒಂದು ಪುಟದಂತೆ ಬರೆದಿಡುವ ಕ್ರಮ. ಪುಟದ ತಲೆಯಲ್ಲಿ ನಮ್ಮ ಊರಿನ ರೂಪ ಮತ್ತು ಆಡಿದ ವಾಕ್ಯಗಳು ಬರಲಿ. ಅದರ ಕೆಳಗೆ ಬಾಗಿಲು, ಅಂದರೆ ಯಾವ ನುಡಿಯ ಮೂಲಕ ಬಂದಿತು, ಧ್ವನಿಯಲ್ಲಿ ಅದಕ್ಕೆ ಏನು ಸಾಕ್ಷಿ ಎಂಬುದು. ಆಮೇಲೆ ಫ್ರೆಂಚಿನ ಹಳೆಯ ಮತ್ತು ಇಂದಿನ ಅರ್ಥ. ಆಮೇಲೆ ಕನಿಷ್ಠ ಎರಡು ಬೇರೆ ನುಡಿಗಳ ಅರ್ಥ. ಕೆಳಗೆ, ಏನು ಉಳಿಯಿತು ಏನು ಉದುರಿತು ಎಂಬ ನಿಮ್ಮ ಮಾತು. ಖಚಿತವಾದದ್ದನ್ನು ಶಾಯಿಯಲ್ಲಿ, ಊಹೆಯನ್ನು ಪೆನ್ಸಿಲಿನಲ್ಲಿ ಬರೆಯುವ ಅಭ್ಯಾಸ ಬಹಳ ಒಳ್ಳೆಯದು. ಮೂರು ತಿಂಗಳ ಬಳಿಕ ಪುಟ ತೆರೆದಾಗ ಯಾವುದು ಯಾವುದೆಂದು ಮರೆತುಹೋಗಿರುತ್ತದೆ.

ನನ್ನ ಅಕ್ಕನ ಮಗಳು ಈ ಕ್ರಮದಲ್ಲಿ ಮೊದಲು ಬರೆದ ಪುಟ ‘ಹೋಟೆಲ್’ ಎಂಬುದರದು. ಅವಳ ವಾಕ್ಯ: ‘ಬೆಳಗ್ಗೆ ಹೋಟ್ಲಲ್ಲಿ ಇಡ್ಲಿ ತಿಂದ್ವಿ.’ ಬಾಗಿಲು ಇಂಗ್ಲಿಷ್. ಫ್ರೆಂಚರಂತೆ ಮೊದಲ ಹಕಾರವನ್ನು ನುಂಗಿ ‘ಓತೆಲ್’ ಎನ್ನದೆ ನಾವು ಹಕಾರವನ್ನು ಉಳಿಸಿಕೊಂಡಿರುವುದು ಸಾಕ್ಷಿ. ಫ್ರೆಂಚಿನಲ್ಲಿ ಅದಕ್ಕೆ ವಸತಿಗೃಹ ಎಂಬ ಅರ್ಥ ಇರುವುದರ ಜೊತೆಗೆ, ನಗರದ ಶ್ರೀಮಂತರ ದೊಡ್ಡ ಮನೆ ಎಂಬ ಹಳೆಯ ಅರ್ಥವೂ ಉಳಿದಿದೆ. ಪುರಭವನಕ್ಕೆ ‘ನಗರದ ಓತೆಲ್’ ಎನ್ನುತ್ತಾರೆ, ಪ್ಯಾರಿಸ್ಸಿನ ಪುರಾತನ ಆಸ್ಪತ್ರೆಯ ಹೆಸರು ‘ದೇವರ ಓತೆಲ್’. ಫ್ರೆಂಚ್ ಬರಹದಲ್ಲಿ ಓಕಾರದ ಮೇಲೆ ಇಡುವ ಪುಟ್ಟ ಟೋಪಿಯಂಥ ಗುರುತು, ಅಲ್ಲಿಂದ ಒಂದು ಸಕಾರ ಉದುರಿದೆ ಎಂದು ಹೇಳುತ್ತದೆ. ಆ ಸಕಾರವನ್ನು ಮತ್ತೆ ಇಟ್ಟರೆ ನಮ್ಮ ವಿದ್ಯಾರ್ಥಿಗಳು ಇರುವ ‘ಹಾಸ್ಟೆಲ್’ ಸಿಗುತ್ತದೆ, ಇನ್ನೂ ಹಿಂದಕ್ಕೆ ಲ್ಯಾಟಿನ್ನಿಗೆ ಹೋದರೆ ಆಸ್ಪತ್ರೆಯ ಬೇರೂ ಅಲ್ಲೇ ಸಿಗುತ್ತದೆ. ಅತಿಥಿಗೆ ಆಸರೆ ಕೊಡುವ ಜಾಗ ಎಂಬುದು ಎಲ್ಲಕ್ಕೂ ಬುಡ. ನಮ್ಮಲ್ಲಿ ಆಸರೆಯ ಅಂಶ ಉದುರಿ ಊಟ ಉಳಿಯಿತು. ತಂಗುವುದಕ್ಕೆ ನಾವು ‘ಲಾಡ್ಜ್’ ಎಂಬ ಇನ್ನೊಂದು ಪದವನ್ನು ಹಿಡಿದೆವು, ಅದೂ ಹಳೆಯ ಫ್ರೆಂಚಿನಲ್ಲಿ ಗುಡಿಸಲಿನ ಹೆಸರಾಗಿದ್ದು ಇಂದು ಅಲ್ಲಿ ನಾಟಕಶಾಲೆಯ ಪ್ರತ್ಯೇಕ ಆಸನದ ಗೂಡಾಗಿದೆ.

ಆ ಪುಟ ಮುಗಿಸಿದ ವಾರವೇ ನಾವು ಬಸ್ಸಿನಲ್ಲಿ ಮಂಡ್ಯಕ್ಕೆ ಹೋಗುತ್ತಿದ್ದಾಗ, ಹೆದ್ದಾರಿಯ ಪಕ್ಕದಲ್ಲಿ ಒಂದು ಮಿಲಿಟರಿ ಹೋಟೆಲಿನ ಫಲಕ ಕಾಣಿಸಿತು. ಕೆಳಗಿನ ಸಾಲಿನಲ್ಲಿ ‘ಮಟನ್ ಕಟ್ಲೆಟ್ ದೊರೆಯುತ್ತದೆ’ ಎಂದು ಬರೆದಿದ್ದರು. ಅವಳು ಚೀಲದಿಂದ ನೋಟುಪುಸ್ತಕ ತೆಗೆದು, ಮಾಂಸದೂಟಕ್ಕೆ ಮಿಲಿಟರಿ ಎಂಬ ಹೆಸರು ಯಾವಾಗ ಅಂಟಿಕೊಂಡಿತು ಎಂದು ಪೆನ್ಸಿಲಿನಲ್ಲಿ ಬರೆದುಕೊಂಡಳು.